ಉಪ್ಪು ಆಬ್ಸೆಂಟ್

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ನಮ್ಮವ್ವ "ಉಪ್ಪು ಇಲ್ಲ" ಅಂದಳು. ಇದರಲ್ಲಿ ಬೆಚ್ಚಿಬೀಳುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಾನು ಮಾತ್ರ ಓದುತ್ತಿದ್ದ ಪೇಪರನ್ನು ಕೆಳಗಿಟ್ಟೆ. ಹಲ್ಲುಜ್ಜುತ್ತಿದ್ದ ನಮ್ಮ ಮನೆಯವರು ಬಾಯಿತುಂಬ ನೊರೆಯೊಂದಿಗೇ ಹೊರಗೆ ಬಂದು ನನ್ನ ಮುಖ ನೋಡಿದರು. ಯಾಕೆಂದರೆ ನಮ್ಮ ಮನೆಯಲ್ಲಿ ಉಪ್ಪು ಯಾವತ್ತೂ 'ಇಲ್ಲ' ಆಗುವುದಿಲ್ಲ. ಆಬ್ಸೆಂಟ್ ಆಗುತ್ತದೆ.

ಉಪ್ಪು ಅಂತಲ್ಲ, ಎಲ್ಲವೂ. ನಲ್ಲಿಯಲ್ಲಿ ನೀರು ಆಬ್ಸೆಂಟ್, ಕರೆಂಟ್ ಆಬ್ಸೆಂಟ್, ಅವಳ ಬಾಯಲ್ಲಿ ಮುಂದಿನ ಎರಡು ಹಲ್ಲು ಆಬ್ಸೆಂಟ್. ಒಮ್ಮೆ ಬಟ್ಟೆಯಂಗಡಿಯಲ್ಲಿ, ಸಾಲುಸಾಲು ಗಿರಾಕಿಗಳ ನಡುವೆ, ಸೀರೆಯೊಂದನ್ನು ಬಿಡಿಸಿ ನೋಡಿ, "ಇದಕ್ಕೆ ಅಂಚೇ ಆಬ್ಸೆಂಟ್ ಐತಲ್ರಿ" ಎಂದು ವಾಪಸ್ಸು ಮಾಡಿದ್ದಳು. ನಾನು ಬೇರೆ ಯಾರದೋ ಮಗಳಂತೆ ಪಕ್ಕದ ರ‍್ಯಾಕಿಗೆ ಸರಿದುಕೊಂಡೆ.

ನಾಚಿಕೆಗೆ ಕಾರಣವಿತ್ತು. ನಾನು ಇಂಗ್ಲಿಷ್ ಐಚ್ಛಿಕ ವಿಷಯ ತೆಗೆದುಕೊಂಡು ಬಿ.ಎ. ಮಾಡಿದವಳು. ಅಪ್ಪನ ಕಡೆ, ಅವ್ವನ ಕಡೆ, ಎರಡೂ ವಂಶ ಸೇರಿಸಿ ಹುಡುಕಿದರೂ ಮೊದಲ ಪದವೀಧರೆ. ಹೊಸಬರಿಗೆ ಈ ಸಂಗತಿಯನ್ನು ನಾನು ಮೊದಲ ಮಾತಿಗೇ ಹೇಳಿಬಿಡುತ್ತೇನೆ. ನಿಮ್ಮನ್ನು ಇಷ್ಟು ಹೊತ್ತು ಕಾಯಿಸಿದ್ದೇ ಹೆಚ್ಚು. ನಮ್ಮೂರು ಹದಡಿಯಿಂದ ದಾವಣಗೆರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಶಬ್ದಾರ್ಥ ಬಾಯಿಪಾಠ ಮಾಡಿ, ಒಂದು ಪೇಪರಿಗೆ ಎರಡನೇ ಸಲ ಕೂತು ಪಾಸಾದವಳಿಗೆ ತಪ್ಪು ಇಂಗ್ಲಿಷ್ ಕೇಳಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. "ಅವ್ವಾ, ಆಬ್ಸೆಂಟ್ ಅಂತ ಮನುಷ್ಯರಿಗೆ ಅನ್ನಬೇಕು. ಸಾಮಾನಿಗೆ ಅನ್ನಬಾರದು" ಎಂದು ಎಷ್ಟು ಸಲ ಹೇಳಿದ್ದೇನೋ. ಅವಳು "ಹೌದೇನು?" ಎಂದು ಗಂಭೀರವಾಗಿ ಕೇಳಿಸಿಕೊಂಡು, "ಬೆಲ್ಲಾನೂ ಆಬ್ಸೆಂಟ್ ಐತೆ, ಬರುವಾಗ ತಗಂಬಾ" ಎನ್ನುತ್ತಿದ್ದಳು.

ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ಈ ಮಾತು ಸಿಕ್ಕಿದ್ದು ನನ್ನಿಂದಲೇ. ಸುಗ್ಗಿಯಲ್ಲಿ ನಾನು ಶಾಲೆ ಬಿಟ್ಟು ಕಣದಲ್ಲಿ ಕೋಳಿ ಓಡಿಸುತ್ತ ಕೂತಿದ್ದೆ. ಮೇಷ್ಟ್ರು ಮನೆತನಕ ಬಂದು, "ನಿನ್ನ ಮಗಳು ಆಬ್ಸೆಂಟ್ ಆಗ್ಯಾಳಲ್ಲಮ್ಮ" ಎಂದರು. ಅವ್ವ ಅದನ್ನು ಕಾಯಿಲೆ ಎಂದುಕೊಂಡು, ಓಡಿಬಂದು ನನ್ನ ಹಣೆ ಮುಟ್ಟಿ ನೋಡಿದಳು. ಮೇಷ್ಟ್ರು ನಕ್ಕು ಬಿಡಿಸಿ ಹೇಳಿದರಂತೆ: "ಹೆಸರು ಐತೆ, ಆಳು ಬಂದಿಲ್ಲ. ಅಷ್ಟೆ." ಅವ್ವನಿಗೆ ಅದು ಬಹಳ ಹಿಡಿಸಿತು.

ಯಾಕೆ ಹಿಡಿಸಿತು ಎನ್ನಬೇಕಾದರೆ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಮನೆಯಲ್ಲಿ ದಿನಸಿ ಮುಗಿದರೆ 'ಇಲ್ಲ' ಅನ್ನಬಾರದು. ಅಕ್ಕಿ ತಳ ಕಂಡರೆ 'ಅಕ್ಕಿ ಹೆಚ್ಚಾಗೈತೆ' ಅನ್ನಬೇಕು. ದೀಪ ಆರಿಸು ಅನ್ನಬಾರದು, 'ದೊಡ್ಡದು ಮಾಡು' ಅನ್ನಬೇಕು. ಹೊಸಿಲು ದಾಟುವವರು ಹೋಗ್ತೀನಿ ಅನ್ನಬಾರದು, 'ಬರ್ತೀನಿ' ಅನ್ನಬೇಕು. ಇನ್ನು ಮನುಷ್ಯರ ವಿಷಯದಲ್ಲಂತೂ 'ಅವರು ಇಲ್ಲ' ಎಂದರೆ ಪೇಟೆಗೆ ಹೋಗಿದ್ದಾರೆಂದೂ ಆದೀತು, ತೀರಿಕೊಂಡರೆಂದೂ ಆದೀತು.

ನಮ್ಮಪ್ಪ ಹೋಗುವಾಗ ಸರಿಯಾಗಿಯೇ ಹೇಳಿ ಹೋಗಿದ್ದ. "ಹರಿಹರಕ್ಕೆ ಹೋಗಿ ಬರ್ತೀನಿ" ಎಂದು. ನಾನಾಗ ನಾಲ್ಕನೇ ಕ್ಲಾಸು. ಜಗಳವಿಲ್ಲ, ಕದನವಿಲ್ಲ. ಹರಿಹರದ ಸ್ಟೇಷನ್ನಿನಲ್ಲಿ ಕಂಡೆ ಎಂದು ಒಬ್ಬರು, ಹೊಳೆ ದಂಡೆಯಲ್ಲಿ ಕಂಡೆ ಎಂದು ಇನ್ನೊಬ್ಬರು. ಆಮೇಲೆ ಯಾರೂ ಏನೂ ಹೇಳಲಿಲ್ಲ. ಯಜಮಾನರು ಎಲ್ಲಿ ಎಂದು ಕೇಳಿದವರಿಗೆ ಅವ್ವ ಏನೆಂದಿರಬಹುದು, ನೀವೇ ಊಹಿಸಿ.

ನನಗೆ ಸಂಬಂಧ ಬಂದದ್ದು ಅದೇ ಹರಿಹರದಿಂದ. ಹುಡುಗ ಕಾರ್ಖಾನೆಯಲ್ಲಿ ಫಿಟ್ಟರ್, ಹುಡುಗನ ತಾಯಿ ಅಂಗನವಾಡಿ ಟೀಚರ್. ಓಡಿಹೋದವನ ಮಗಳೆಂದು ಆಗಲೇ ಎರಡು ಸಂಬಂಧ ಮುರಿದಿದ್ದವು. ಹಾಗಾಗಿ ನಮ್ಮ ದೊಡ್ಡಪ್ಪ ಹಿಂದಿನ ದಿನವೇ ಬಂದು ಅವ್ವನನ್ನು ಕೂರಿಸಿಕೊಂಡು ತಯಾರಿ ಮಾಡಿದ. "ಸತ್ತೋನಿಗೆ ಮರ್ಯಾದೆ ಐತೆ, ಓಡಿಹೋದೋನಿಗೆ ಇಲ್ಲ. ಕೇಳಿದ್ರೆ 'ಅವರು ಇಲ್ರಿ' ಅಂತ ಒಂದು ಮಾತು ಅನ್ನವ್ವ. ಸುಳ್ಳೂ ಅಲ್ಲ, ಮನ್ಯಾಗೆ ಇಲ್ಲಲ್ಲ. ಹೆಂಗೆ ಬೇಕೋ ಹಂಗೆ ತಿಳ್ಕಳ್ಳಿ. ಕುಂಕುಮ ಕಾಣ್ದಂಗೆ ಸೆರಗು ಮುಂದಕ್ಕೆ ಎಳ್ಕೊ." ಪಕ್ಕದಲ್ಲಿದ್ದ ಪದವೀಧರೆ ತಲೆಯಾಡಿಸಿದಳು. ಒಂದೇ ಪದಕ್ಕೆ ಎರಡು ಅರ್ಥ ಬರುವುದರ ಮೇಲೆ ಅವಳು ಪರೀಕ್ಷೆಯಲ್ಲಿ ಟಿಪ್ಪಣಿ ಬರೆದಿದ್ದಳು, ಒಳ್ಳೆಯ ಅಂಕವೂ ಬಂದಿತ್ತು. ಅವ್ವ ಮೊರ ಎಳೆದುಕೊಂಡು ಮಂಡಕ್ಕಿ ಹಸನು ಮಾಡತೊಡಗಿದಳು.

ಬಂದರು, ಕೂತರು. ಮಂಡಕ್ಕಿ ಮಿರ್ಚಿ ಕೊಟ್ಟದ್ದಾಯಿತು. ಟೀಚರಮ್ಮ ಗೋಡೆಯನ್ನೆಲ್ಲ ಒಂದು ಸುತ್ತು ನೋಡಿದರು. ಹಾರ ಹಾಕಿದ ಫೋಟೋ ಯಾವುದೂ ಇರಲಿಲ್ಲ.

"ಯಜಮಾನ್ರು ಕಾಣ್ತಿಲ್ಲಲ್ರಿ?"

ದೊಡ್ಡಪ್ಪ ಕೆಮ್ಮಿದ. ಬಾಗಿಲ ಹಿಂದೆ ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವ್ವ ಸೆರಗನ್ನು ಹಿಂದಕ್ಕೆ ಸರಿಸಿದಳು. ಕುಂಕುಮ ದಿನಕ್ಕಿಂತ ಎರಡರಷ್ಟು ಅಗಲವಿತ್ತು.

"ಅವರು ಆಬ್ಸೆಂಟ್ ರೀ" ಎಂದಳು.

ಹುಡುಗನಿಗೆ ಮಿರ್ಚಿ ನೆತ್ತಿಗೆ ಹತ್ತಿತು. ದೊಡ್ಡಪ್ಪ ಜಂತಿ ನೋಡಿದ. ಈ ಮದುವೆಯೂ ಹೋಯಿತು, ಅದೂ ತಪ್ಪು ಇಂಗ್ಲಿಷಿನಿಂದ ಹೋಯಿತು ಎಂದು ನಾನು ಅಂದುಕೊಂಡೆ. ಸಾಯುವಷ್ಟು ನಾಚಿಕೆಯಲ್ಲೂ ನನಗೆ ಹೊಳೆದದ್ದು ಒಂದು ಸಣ್ಣ ವ್ಯಾಕರಣದ ವಿಷಯ: ಈ ಸಲ ಅವಳು ಮನುಷ್ಯರಿಗೇ ಅಂದಿದ್ದಳು, ತಪ್ಪೇನೂ ಇರಲಿಲ್ಲ.

ಟೀಚರಮ್ಮ ದಿನವೂ ಮಕ್ಕಳ ಹಾಜರಿ ಕೂಗುವವರು. ನಗಲಿಲ್ಲ. "ಯಾವಾಗಿಂದ್ರಿ?" ಎಂದರು.

"ಇವಳು ಸಣ್ಣಾಕಿ ಇದ್ದಾಗಿಂದ."

"ಮತ್ತೆ ಹೆಸರು ಹೊಡೆದು ಹಾಕಿಲ್ವಾ?"

"ಇಲ್ರಿ. ಹರಿಹರಕ್ಕೆ ಹೋಗಿ ಬರ್ತೀನಿ ಅಂದಾರೆ. ಬರಲ್ಲ ಅಂದಿಲ್ಲ."

ಟೀಚರಮ್ಮ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗಿಟ್ಟರು. ಆಮೇಲೆ, "ಹರಿಹರಕ್ಕೇನು? ನಾವೂ ಅಲ್ಲೇ ಇರೋರು. ಕಂಡ್ರೆ ಕಳಿಸ್ತೀವಿ ಬಿಡ್ರಿ" ಎಂದು ಒಳಗೆ ತಿರುಗಿ, "ಏನಮ್ಮ, ಚಾ ಆಬ್ಸೆಂಟೇನು?" ಎಂದು ನನ್ನನ್ನು ಕರೆದರು.

ಹಾಗೆ ನನ್ನ ಮದುವೆಯಾಯಿತು. ಅತ್ತೆ ಇರುವತನಕ ಅವ್ವನಿಗೆ ಫೋನು ಮಾಡಿದಾಗೆಲ್ಲ, ಯೋಗಕ್ಷೇಮಕ್ಕಿಂತ ಮೊದಲು, "ಇನ್ನೂ ಕಂಡಿಲ್ರಿ" ಎಂದು ವರದಿ ಒಪ್ಪಿಸುತ್ತಿದ್ದರು. ಈಗ ನಾವು ದಾವಣಗೆರೆಯ ಪಿ.ಜೆ. ಬಡಾವಣೆಯ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಅವ್ವ ನಮ್ಮ ಜೊತೆಗೇ ಇದ್ದಾಳೆ. ಹರಿಹರಕ್ಕೆ ಹೋದಾಗ ಬಸ್ಸಿನ ಕಿಟಕಿ ಪಕ್ಕದ ಸೀಟೇ ಅವಳಿಗೆ ಬೇಕು.

ಅಂಥವಳು ಇವತ್ತು 'ಇಲ್ಲ' ಅಂದಳು. ಯಾರಾದರೂ ಏನಾದರೂ ಸುದ್ದಿ ತಂದರೇ? ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕುಂಕುಮ ಇದ್ದಲ್ಲೇ ಇತ್ತು.

"ಯಾಕವ್ವಾ, ಇಲ್ಲ ಅಂದುಬಿಟ್ಟೆ?"

"ನೀನೇ ಹೇಳಿದ್ದಲ್ಲ, ಸಾಮಾನಿಗೆ ಅನ್ನಬಾರ್ದು ಅಂತ."

"ಹೇಳಿ ಯಾವ ಕಾಲ ಆಯ್ತು. ಈಗ್ಯಾಕೆ?"

ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುಗಿ ನೋಡದೆ ಹೇಳಿದಳು: "ಉಪ್ಪಿಗೂ ಅದೇ, ನೀರಿಗೂ ಅದೇ ಅಂದಂದು ಸವೆದು ಹೋಗೈತೆ ಅದು. ಅವರಿಗೆ ಅಂತ ಒಂದಿಷ್ಟು ಉಳೀಲಿ."

ಇಷ್ಟು ವರ್ಷ ತಿದ್ದಿ ತಿದ್ದಿ ಕೊನೆಗೆ ಗೆದ್ದೆ ನೋಡಿ. ಗೆದ್ದವಳು ಚೀಲ ಹಿಡಿದು ಮೂಲೆಯಂಗಡಿಗೆ ಹೋದೆ. ಅಂಗಡಿಯ ಸಾಹೇಬರು "ಏನು ಬೇಕ್ರಿ ಮೇಡಂ?" ಎಂದರು. ಉಪ್ಪು ಇಲ್ಲ ಎನ್ನಲು ಬಾಯಿ ತೆರೆದೆ. ಬರಲಿಲ್ಲ. "ಉಪ್ಪು ಆಬ್ಸೆಂಟ್ ಆಗೈತ್ರಿ" ಎಂದೆ, ಬಿ.ಎ. ಓದಿದವಳು. ಅವರು ಪ್ಯಾಕೆಟ್ಟನ್ನು ತೆಗೆದು ಮುಂದಿಟ್ಟು, "ಹಾಜರ್ ಐತೆ, ತಗೊಳ್ರಿ" ಎಂದರು.

ಹೊಸಿಲು ದಾಟುತ್ತಲೇ ಕೂಗಿದೆ, "ಅವ್ವಾ, ಉಪ್ಪು ಪ್ರೆಸೆಂಟ್!"

"ಸಾಮಾನಿಗೆ ಹಂಗೆ ಅನ್ನಬಾರ್ದು" ಎಂದು ಒಳಗಿಂದ ಅವ್ವ ತಿದ್ದಿದಳು.