ಮೊಮ್ಮಗನ ಪಾಯಿಜಾಮ ಮತ್ತು ಚಾಚಿ

ಚಾಚಿಯ ಕನ್ನಡಕಕ್ಕೆ ಕಡ್ಡಿಗಳಿರಲಿಲ್ಲ. ಹೊಲಿದು ಉಳಿದ ಇಲಾಸ್ಟಿಕ್ ತುಂಡನ್ನು ಎರಡೂ ಕಡೆ ಪೋಣಿಸಿ ತಲೆಗೆ ಸಿಕ್ಕಿಸಿಕೊಂಡಿರುತ್ತಿದ್ದಳು. ತೆಗೆದ ಮೇಲೂ ಹಣೆಯ ಪಕ್ಕದಲ್ಲಿ ಅದರ ಗುರುತು ಮೂಡಿರುತ್ತಿತ್ತು. ಸವಣೂರಿನ ನಮ್ಮ ಓಣಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳ ಹೊಲಿಗೆ ಮಷಿನ್ ಸದ್ದು ನಿಂತಿತೆಂದರೆ ಚಾಚಿ ಚಹಾ ಕುಡಿಯುತ್ತಿದ್ದಾಳೆ ಎಂದು ತಿಳಿಯುತ್ತಿತ್ತು.

ನನ್ನ ಮೊಮ್ಮಗ ಹುಟ್ಟಿದಾಗ ಅವನ ಪಾದಗಳೆರಡೂ ಒಳಕ್ಕೆ ತಿರುಗಿದ್ದವು. ಹುಬ್ಬಳ್ಳಿಯ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿ, ಬಿಚ್ಚಿ, ಮತ್ತೆ ಹಾಕಿ ತಿದ್ದಿದರು. ಆಮೇಲೆ ಎರಡು ಬೂಟು, ಅವುಗಳ ನಡುವೆ ಒಂದು ಕಬ್ಬಿಣದ ಪಟ್ಟಿ. ಅದನ್ನು ತೊಡಿಸಿದರೆ ಯಾವ ಪಾಯಿಜಾಮವೂ ಏರುತ್ತಿರಲಿಲ್ಲ. ಚಳಿಗೆ ಅಳುವ ಕೂಸನ್ನು ನೋಡಿ ಚಾಚಿ ಪಾಯಿಜಾಮದ ಒಳಹೊಲಿಗೆಯನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿನವರೆಗೆ ಬಿಚ್ಚಿ, ಸಾಲಾಗಿ, ಒತ್ತಿದರೆ ಕೂಡುವ ಟಿಚ್ ಬಟನ್ ಕೂರಿಸಿಕೊಟ್ಟಳು. ಬೂಟು ತೆಗೆಯದೆಯೇ ತೊಡಿಸಲು ಬಂತು.

"ಇನ್ನ ಮುಂದ ನೀನ ಹೊಲಿ. ಆಯಿ ಆಗಿ ಬರೇ ಮುದ್ದ ಕೊಟ್ರ ಆತೇನ?" ಎಂದಳು.

ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಟೇಪಿನ ಅಂಕಿ ನೋಡಿ ಹೆದರಿದೆ.

"ಟೇಪ್ ಯಾಕ ಬೇಕ? ಬೆಳಿಯೋ ಕೂಸಿಗೆ ಟೇಪ್ ಹಿಡೀಬಾರ್ದು. ನೀ ಹೊಲ್ಯೂದ್ರಾಗ ಅದು ಬೆಳದಿರತೈತಿ," ಎಂದು ಹಳೆಯ ಪಾಯಿಜಾಮವನ್ನೇ ಮಡಚಿದ ಬಟ್ಟೆಯ ಮೇಲೆ ಹಾಸಿದಳು. "ಮ್ಯಾಲ ನಾಕ ಬೆರಳ ಬಿಡು, ಇಲಾಸ್ಟಿಕ್ ಹೋಗಬೇಕ. ಕೆಳಗ ಅಂಗೈ ಅಗಲ ಬಿಟ್ಟ ಮಡಚು, ಅಂವ ಬೆಳೀಬೇಕ."

ಮೊದಲ ಸಲ ನಾನು ಬಟ್ಟೆ ಮಡಚದೆ, ಮಗ್ಗುಲೂ ನೋಡದೆ ಕತ್ತರಿಸಿದೆ. ಚಾಚಿ ಎತ್ತಿ ಹಿಡಿದು ನಕ್ಕಳು. "ಎರಡೂ ಎಡಗಾಲ ಮಾಡಿಯಲ್ಲವಾ. ನಿನ್ನ ಮೊಮ್ಮಗನ ಕಾಲ ಏನ್..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಅವಳೇ ಕತ್ತರಿ ಕೆಳಗಿಟ್ಟು, "ನೆಟ್ಟಗ ನಿಲ್ತಾನ ತಗೋ. ನಾ ನೋಡೇ ಹೋಗ್ತೇನಿ," ಎಂದಳು.

ಅಂದಿನಿಂದ ನಾವು ಹುಬ್ಬಳ್ಳಿಗೆ ಹೋಗಿ ಬಂದಾಗಲೆಲ್ಲ ಗೋಡೆಯಾಚೆಯಿಂದ ಅದೇ ಮಾತು.

"ನಿಂತನೇನ?"

"ಇನ್ನೂ ಇಲ್ಲ ಚಾಚಿ."

"ಇರ್ಲಿ. ನನಗೂ ಅವಸರಿಲ್ಲ."

ಈ ವರ್ಷ ಅವಳಿಗೆ ದಮ್ಮು ಜೋರಾಯಿತು. ಮಷಿನ್ ತುಳಿಯುವುದು ನಿಂತಿತು. ಹಾಸಿಗೆಯಲ್ಲೇ ಕುಳಿತು ಬಟನ್ ಹಚ್ಚಿಕೊಡುತ್ತಿದ್ದಳು.

ಕಡೆಯ ಸಲ ಹೋದಾಗ ಡಾಕ್ಟರು ಬೂಟು ಬಿಚ್ಚಿಸಿ ಮೊಮ್ಮಗನನ್ನು ನೆಲಕ್ಕೆ ಬಿಟ್ಟರು. ಅವನು ಬೆಂಚು ಹಿಡಿದು ನಿಂತ. ಬೆಂಚು ಬಿಟ್ಟ. ನಾನು ಹೊಲಿದ ಸಡಿಲು ಪಾಯಿಜಾಮವನ್ನು ಒಂದು ಕೈಯಲ್ಲಿ ಎಳೆದುಕೊಳ್ಳುತ್ತ ನನ್ನ ಕಡೆಗೇ ನಡೆದುಬಂದ. ಆ ಹಿಗ್ಗನ್ನು ಬರೆಯಲು ನಾನು ಕಲಿತ ಅಕ್ಷರ ಸಾಲವು. ಸೊಸೆ ಫೋನ್ ತೆಗೆದಳು. "ಬ್ಯಾಡ ತಡಿ, ಚಾಚಿ ಮುಂದ ನಡಸಿ ತೋರಸೂಣು," ಎಂದೆ. ಯಲವಿಗಿಯಲ್ಲಿ ರೈಲು ಇಳಿಯುವವರೆಗೆ ಡಬ್ಬಿಯಲ್ಲಿದ್ದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ.

ಕತ್ತಲಾದ ಮೇಲೆ ಓಣಿಗೆ ಬಂದರೆ ಚಾಚಿಯ ಬಾಗಿಲ ಮುಂದೆ ತುಂಬ ಚಪ್ಪಲಿ. ಅವಳು ಮಧ್ಯಾಹ್ನ ತೀರಿಕೊಂಡಿದ್ದಳು. ಮಣ್ಣಿಗೂ ಒಯ್ದಾಗಿತ್ತು.

ಅವಳ ಮಗಳು ನನ್ನ ಕೈ ಹಿಡಿದುಕೊಂಡಳು. "ಕಡೀಗೂ ಅದನ್ನ ಕೇಳಿದ್ಲಕ್ಕಾ, ನಿಂತನೇನ ಅಂತ. ನಾ ಸುಳ್ಳ ಹೇಳಿದೆ. ಅಕ್ಕನ ಫೋನ್ ಬಂದಿತ್ತವಾ, ನಿಂತಾನಂತ, ಅಂದೆ. ನಕ್ಕು ಕಣ್ಣ ಮುಚ್ಚಿದ್ಲು."

ಕಂಕುಳಲ್ಲಿದ್ದ ಮೊಮ್ಮಗನನ್ನು ಅವಳ ಮುಂದೆ ನೆಲಕ್ಕೆ ಬಿಟ್ಟೆ.