ಮೂರನೇ ಬ್ಲಾಕಿನ ಎರಡನೇ ಮೆಸೇಜ್

ಕಳೆದ ವರ್ಷ, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯ. ಆ ಬೆಳಿಗ್ಗೆಯೂ ಎಂದಿನಂತೆ ಕಾಫಿ ಸೋಸಿ ಫ್ಲಾಸ್ಕಿಗೆ ತುಂಬಿ, ಮಗಳ ಜಡೆ ಹೆಣೆದು ವ್ಯಾನ್ ಹತ್ತಿಸಿ, ಊಟದ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಸುಂಟಿಕೊಪ್ಪದ ಹತ್ತಿರದ ಎಸ್ಟೇಟೊಂದಕ್ಕೆ ಮನೆಯಿಂದಲೇ ಪೈಥಾನ್ ಭಾಷೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವುದು ನನ್ನ ಕೆಲಸ. ತೋಟದ ಯಾವುದಾದರೂ ಬ್ಲಾಕಿನಲ್ಲಿ ಆನೆ ಕಂಡರೆ, ಅಲ್ಲಿಯ ಲೆಕ್ಕಪತ್ರ ನೋಡುವ ರೈಟರ್ ಗಣಪತಿಯವರು ‘ಆನೆ ಉಂಟು, ಮೂರನೇ ಬ್ಲಾಕ್’ ಎಂದು ಟೈಪ್ ಮಾಡುತ್ತಾರೆ. ಪ್ರೋಗ್ರಾಂ ಅದನ್ನು ಅಲ್ಲಿಯ ಕೆಲಸದವರೆಲ್ಲರ ಫೋನಿಗೆ ಕಳಿಸುತ್ತದೆ.

ಒಂಬತ್ತೂವರೆಗೆ ಗಣಪತಿಯವರ ಫೋನ್ ಬಂತು. ಏಳು ಗಂಟೆಗೇ ಹಾಕಿದ ಮೆಸೇಜ್ ಒಬ್ಬರಿಗೂ ತಲುಪಿರಲಿಲ್ಲ. ಪಿಕಿಂಗಿನ ಹೆಂಗಸರು ನೇರ ಆನೆಯ ಎದುರಿಗೆ ಹೋಗಿ, ಚೀಲ ಬಿಸಾಡಿ ಓಡಿದ್ದರು. ಒಬ್ಬಳು ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಿದ್ದಳು.

“ನಾಳೆಗೆ ಇದನ್ನ ನಂಬಬೋದಾ ಇಲ್ವಾ, ಅಷ್ಟು ಹೇಳಿ ಮೇಡಂ.”

ಪರದೆಯ ಮೇಲೆ ಮಾತ್ರ ‘ಕಳಿಸಲಾಗಿದೆ’ ಎಂದೇ ಇತ್ತು. ನನ್ನ ನಂಬರಿಗೆ ‘ಟೆಸ್ಟ್ ಒಂದು’ ಕಳಿಸಿದೆ, ಬಂತು. ‘ಟೆಸ್ಟ್ ಎರಡು’, ಅದೂ ಬಂತು. ಹೀಗೆ ಕಳಿಸಿದ ಹನ್ನೊಂದು ಟೆಸ್ಟೂ ಬಂದವು. ಅನ್ನ ತಳ ಹಿಡಿಯಿತು. ತಪ್ಪು ಸಿಕ್ಕಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಎರಡು ಗಂಟೆಗೆ, ಹೊಸದು ಬರೆಯಲೂ ಬೇಸರವಾಗಿ ‘ಟೆಸ್ಟ್ ಒಂದು’ ಎಂದೇ ಮತ್ತೆ ಒತ್ತಿದೆ. ‘ಕಳಿಸಲಾಗಿದೆ’ ಎಂದಿತು. ಫೋನ್ ಮಿಸುಕಲಿಲ್ಲ.

ಒಂದು ಕೆಲಸ ಮಾಡುವ ಕೋಡಿನ ತುಂಡಿಗೆ ಫಂಕ್ಷನ್ ಎನ್ನುತ್ತಾರೆ. ಅದರ ತಲೆಯ ಮೇಲೆ @ ಗುರುತಿನ ಒಂದು ಸಾಲು ಬರೆದರೆ ಅದು ಡೆಕೊರೇಟರ್. ಫಂಕ್ಷನ್ನಿನ ಒಳಗೆ ಕೈಹಾಕದೆ ಅದರ ನಡತೆ ಬದಲಿಸುತ್ತದೆ. ನಾನು ಬಳಸಿದ್ದು ಕ್ಯಾಶ್ ಎಂಬ ಡೆಕೊರೇಟರ್. ಕೇಳಿದ್ದನ್ನೇ ಮತ್ತೆ ಕೇಳಿದರೆ ಕೆಲಸ ಮಾಡದೆ ಹಳೆಯ ಉತ್ತರವನ್ನೇ ಕೊಡುತ್ತದೆ, ಹೊಸದಾಗಿ ಸೋಸದೆ ಫ್ಲಾಸ್ಕಿನಿಂದ ಬಗ್ಗಿಸಿದಂತೆ. ಅದನ್ನು ಇಟ್ಟಿದ್ದು ಫೋನ್ ನಂಬರ್ ಹುಡುಕುವ ಫಂಕ್ಷನ್ನಿಗೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಅಚ್ಚುಕಟ್ಟು ನನ್ನನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೆ ಎರಡು ದಿನ ಮೊದಲು ಕೋಡನ್ನು ಒಪ್ಪ ಮಾಡುವಾಗ, ಮೆಸೇಜ್ ಕಳಿಸುವ ಫಂಕ್ಷನ್ನನ್ನು ತಂದು ಸರಿಯಾಗಿ ಆ ಸಾಲಿನ ಕೆಳಗೇ ಅಂಟಿಸಿದ್ದೆ; ಡೆಕೊರೇಟರ್ ಇದರ ತಲೆಗೇರಿತ್ತು. ಹಿಂದಿನ ದಿನವೂ ಆನೆ ಮೂರನೇ ಬ್ಲಾಕಿನಲ್ಲೇ ಇತ್ತು, ಆ ಮೆಸೇಜ್ ತಲುಪಿತ್ತು. ಅದೇ ವಾಕ್ಯ. ಪ್ರೋಗ್ರಾಂ ಹಿಂದಿನ ದಿನದ ‘ಕಳಿಸಲಾಗಿದೆ’ಯನ್ನೇ ಆ ದಿನವೂ ಹೇಳಿ ಸುಮ್ಮನಾಗಿತ್ತು.

ಸಾಲನ್ನು ಅದರ ಜಾಗಕ್ಕೆ ಸರಿಸಿ, ಒಂದೇ ಮೆಸೇಜನ್ನು ಮೂರು ಸಲ ಕಳಿಸಿ ನೋಡಿ, ರೈಟರಿಗೆ ಫೋನ್ ಮಾಡಿದೆ. ಈಗ ಯಾವುದನ್ನೂ ಒಮ್ಮೆ ನಡೆಯಿತೆಂದು ಬಿಡುವುದಿಲ್ಲ. ಅದನ್ನೇ ಮತ್ತೆ ಕೇಳಿ ನೋಡುತ್ತೇನೆ.

ಸಂಜೆ, ಅದೇ ತೋಟಕ್ಕೆ ಪಿಕಿಂಗಿಗೆ ಹೋಗುವ ಪಕ್ಕದ ಮನೆಯ ಲೀಲಕ್ಕ ಬಂದರು. ಮೊಣಕೈ ತರಚಿತ್ತು. ಕಾಫಿ ಕೊಟ್ಟು, ತಪ್ಪು ನನ್ನದೆಂದು ಹೇಳಿದೆ. ಅವರು ಲೋಟ ಮುಂದೆ ಹಿಡಿದರು.

“ಮೊದ್ಲೆಲ್ಲ ಲದ್ದಿ ನೋಡ್ಕೊಂಡು, ಕೂಗ್ಕೊಂಡು ಹೋಗ್ತಿದ್ವಿ. ಇವತ್ತು ಮೆಸೇಜ್ ಬರ್ಲಿಲ್ಲಲ್ಲ, ಆನೆ ದಾಟಿ ಹೋಯ್ತು ಅಂತ ಧೈರ್ಯವಾಗಿ ಹೋದ್ವಿ. ಇನ್ನೊಂಚೂರು ಸಕ್ರೆ ಹಾಕು ಮಾರಾಯ್ತಿ.”