ಸೂಲಗಿತ್ತಿ ಸಾವಂತ್ರಮ್ಮನ ಮೊದಲ ಓಟು

ಭದ್ರಾವತಿ ಹತ್ತಿರದ ಹಳ್ಳಿಯೊಂದರಲ್ಲಿ ಸಾವಂತ್ರಮ್ಮ ಸೂಲಗಿತ್ತಿಯಾಗಿದ್ದಳು. ಐವತ್ತೆರಡರ ಮೊದಲ ಚುನಾವಣೆಯ ದಿನ ಆಕೆ ಬೆಳಿಗ್ಗೆಯೇ ಮಿಂದು, ಒಗೆದ ಸೀರೆಯುಟ್ಟು ಶಾಲೆಯ ಮುಂದೆ ಹೆಂಗಸರ ಸಾಲಿನಲ್ಲಿ ನಿಂತಳು. ಮುಂದೆ ಪಟೇಲರ ಹೆಂಡತಿ ದಾಕ್ಷಾಯಣಮ್ಮ, ಹಿಂದೆ ಅವರ ಮನೆಯಲ್ಲೇ ಮುಸುರೆ ತಿಕ್ಕುವ ಮುನಿಯಮ್ಮ. ಇಬ್ಬರ ಹೆರಿಗೆಯನ್ನೂ ಮಾಡಿಸಿದವಳು ಸಾವಂತ್ರಮ್ಮನೇ.

“ಅವ್ವಾ, ಅವರದೂ ಒಂದೇ ಓಟು, ನಂದೂ ಒಂದೇನಾ?” ಎಂದು ಮುನಿಯಮ್ಮ ಪಿಸುಗುಟ್ಟಿದಳು.

“ಒಂದೇ ಕಣೇ ಮಾರಾಯ್ತಿ. ನಂಗೂ ನಂಬಕ್ಕಾಗ್ತಿಲ್ಲ.”

ಪರದೆಯ ಹಿಂದೆ ಚಿತ್ರ ಅಂಟಿಸಿದ ಪೆಟ್ಟಿಗೆಗಳು ಸಾಲಾಗಿದ್ದವು. ಇದಕ್ಕೆ ಹಾಕು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ನೂರಾರು ಕೂಸುಗಳನ್ನು ಹಿಡಿದ ಕೈಯಲ್ಲಿ ಒಂದು ಚೀಟಿ ಹಿಡಿದು ಆಕೆ ಒಂದೊಂದೇ ಚಿತ್ರ ನೋಡುತ್ತ ಹೋದಳು. ಶಿವಮೊಗ್ಗದ ಆಸ್ಪತ್ರೆಗೆ ಹೊರಟ ಗಾಡಿಯಲ್ಲಿ, ಮಲವಗೊಪ್ಪ ದಾಟುವ ಮೊದಲೇ ತನ್ನ ತೊಡೆಯ ಮೇಲೆ ಜೀವ ಬಿಟ್ಟ ಬಸುರಿ ನೆನಪಾದಳು. ಊರಿಗೆ ಹೆರಿಗೆ ಆಸ್ಪತ್ರೆ ತರುತ್ತೇನೆ ಎಂದಿದ್ದವನ ಪೆಟ್ಟಿಗೆಗೆ ಚೀಟಿ ಹಾಕಿ ಕೈಮುಗಿದಳು.

ಅವನು ಸೋತ. “ನಿಮ್ಮ ಓಟು ದಂಡ ಆಯ್ತಲ್ಲವ್ವಾ” ಎಂದು ಮುನಿಯಮ್ಮ ಮರುಗಿದಳು.

ಸಾವಂತ್ರಮ್ಮ ಕಣ್ಣರಳಿಸಿ ಹೇಳಿದಳು: “ದಂಡ ಹೆಂಗಾಗುತ್ತೆ? ಅಷ್ಟು ದೊಡ್ಡ ಆಫೀಸರುಗಳು ಕೂತು ನಾನು ಹಾಕಿದ್ದನ್ನೂ ಎಣಿಸಿದ್ರಂತೆ ಕಣೇ! ಆಸ್ಪತ್ರೆ ಬರೋವರೆಗೂ ಹಾಕ್ತಾನೇ ಇರ್ತೀನಿ.”